ಯಾವುದಕ್ಕಿಂತ?

ಮಂಗಳವಾರ, ಗುರುವಾರ, ಸಂಜೆ ಆರೂವರೆಗೆ
ಗ್ರಿಮ್ಸ್‌ಬಿಯ ಗ್ರಂಥಾಲಯದ ಮಹಡಿ.
ಮೀನು ಸೀಳುವ ಶೆಡ್ಡಿನಿಂದ ನೇರ ಬರುತ್ತಾರೆ.
ಎಷ್ಟು ತೊಳೆದರೂ ಕೈಗೆ ಕಾಡ್ ಮೀನಿನ ವಾಸನೆ;
ನನ್ನ ಕೆಂಪು ಪೆನ್ನಿಗೂ ಈಗ ಅದೇ.

ಈ ಮಂಗಳವಾರದ ಪಾಠ ಹೋಲಿಕೆ.
ಬೋರ್ಡಿನ ಮೇಲೆ ತಕ್ಕಡಿ ಬರೆದೆ:
ಒಂದು ತಟ್ಟೆಗೆ ಮೀನು, ಇನ್ನೊಂದಕ್ಕೆ ಬಂದರು
ಹಾಕಿ ತೂಗುವವರುಂಟೆ?
ಇಲ್ಲ ಮಿಸ್, ಎಂದರು ತೂಕ ಬಲ್ಲವರು.

ಆದರೂ ಲೆತೆಬ್ರಹಾನ್ ಬರೆದಿದ್ದಾಳೆ:
‘ಗ್ರಿಮ್ಸ್‌ಬಿಯ ಕಡಲು ಮಸಾವಾಗಿಂತ ತಣ್ಣಗೆ.’
ಕಡಲನ್ನು ಊರಿನ ಜೊತೆ ತೂಗಿದೆಯಲ್ಲ ತಾಯಿ,
ಮಸಾವಾದ ಕಡಲಿಗಿಂತ ಅನ್ನು.
ಕಡಲನ್ನು ಮತ್ತೆ ಹೇಳಲು ಬೇಸರವೋ,
ಇಂಗ್ಲಿಷಿನಲ್ಲಿ ಒಂದು ಪುಟ್ಟ ‘ದಟ್’ ಇದೆ, ಸಾಕು.
ಅವಳು ಆ ‘ದಟ್’ ಅನ್ನು ಬೆರಳಿಂದ ಮುಟ್ಟಿ ನೋಡಿದಳು:
‘ಇದರೊಳಗೆ ಹಿಡಿಸುತ್ತದೆಯೇ, ಮಿಸ್,
ಉಪ್ಪಿನ ಆಗರ, ದೋಣಿ, ಎಲ್ಲ?’
ವ್ಯಾಕರಣದ ಪ್ರಕಾರ ಹಿಡಿಸುತ್ತದೆ, ಎಂದೆ.

ರಿಮಾಂತಸ್, ಫೋರ್ಕ್‌ಲಿಫ್ಟ್ ಓಡಿಸುವವನು:
‘ನನ್ನ ಮಗ ನಮ್ಮ ಮನೆಯ ಎಲ್ಲರಿಗಿಂತ ಎತ್ತರ.’
ಅವನೂ ಆ ಮನೆಯವನೇ ತಾನೆ? ‘ಉಳಿದ’ ಸೇರಿಸು,
ಇಲ್ಲವಾದರೆ ಹುಡುಗ ತನಗಿಂತ ತಾನೇ ಎತ್ತರ.
ಫೋನು ತೆಗೆದು ತೋರಿಸಿದ:
ಶೌಲೆಯ್‌ನ ಅಡುಗೆಮನೆ, ಬಾಗಿಲ ಚೌಕಟ್ಟು,
ಪೆನ್ಸಿಲ್ ಗೀಟು ಒಂದರ ಮೇಲೊಂದು.
ಕೊನೆಯ ಏಳು ಬೇರೆ ಕೈಯವು.
‘ಆಗಿದ್ದಾನೆ, ಮಿಸ್.’
ಆದರೂ ‘ಉಳಿದ’ ಸೇರಿಸಿದೆ. ನಿಯಮ ನಿಯಮವೇ.

ವಿಯೋರಿಕಾಳದು:
‘ನಾನು ಅಕ್ಕನಿಗಿಂತ ಹೆಚ್ಚು ಅಮ್ಮನನ್ನು ನೆನೆಯುತ್ತೇನೆ.’
ಅಕ್ಕ ಅಮ್ಮನನ್ನು ನೆನೆಯುವುದು ಕಡಿಮೆಯೋ,
ನೀನು ಅಕ್ಕನನ್ನು ನೆನೆಯುವುದು ಕಡಿಮೆಯೋ?
ಒಂದು ಕ್ರಿಯಾಪದ ಸೇರಿಸಿದರೆ ಇತ್ಯರ್ಥ.
ಪೆನ್ನಿನ ಮುಚ್ಚಳ ಕಚ್ಚುತ್ತ ಕೂತಳು.
‘ಇತ್ಯರ್ಥ ಬೇಡ ಮಿಸ್, ಹಾಗೇ ಇರಲಿ.
ಅಕ್ಕ ಇದನ್ನು ಓದುವುದಿಲ್ಲ.’

ರಾತ್ರಿ ಮನೆಯಲ್ಲಿ, ಟೋಸ್ಟ್ ತಿನ್ನುತ್ತ
ಹೇಮಿನ್‌ನ ಪುಸ್ತಕ ತೆರೆದೆ. ಹತ್ತು ವಾಕ್ಯ ಕೇಳಿದ್ದೆ.
ಒಂದಿದೆ: ‘ಇಲ್ಲಿ ವಾಸಿ.’
ಅಭ್ಯಾಸಬಲ, ಅಂಚಿನಲ್ಲಿ ಗೀಚಿಬಿಟ್ಟೆ: ಯಾವುದಕ್ಕಿಂತ?
ಗೀಚಿದ ಮೇಲೆ ಅವನ ಬಲಗಿವಿ ನೆನಪಾಯಿತು,
ಕೇಳದ ಆ ಕಡೆ ಯಾರನ್ನೂ ಕೂರಗೊಡದೆ
ಗೋಡೆಗೆ ಒತ್ತಿ ಕೂರುವುದು.
ಬೆರಳಿಂದ ಉಜ್ಜಿದೆ, ಬೆಣ್ಣೆಯ ಬೆರಳು,
ಕೆಂಪು ಇನ್ನೂ ಹರಡಿತು.

ವಾಕ್ಯಕ್ಕೊಂದು ಅಂಕ. ಅರ್ಧ ಕೊಟ್ಟೆ.
ಗುರುವಾರ ಪುಸ್ತಕ ವಾಪಸು ತೆಗೆದುಕೊಂಡ,
ಉಳಿದರ್ಧ ಎಲ್ಲಿ ಎಂದು ಕೇಳಲಿಲ್ಲ.