ಇಪ್ಪತ್ತೆರಡು ಸೆಂಟಿಮೀಟರ್

ಇಪ್ಪತ್ತೆರಡು ಸೆಂಟಿಮೀಟರ್ ಕಟ್ಟಿದರೆ
ದಾರಿ ಬಿಡುತ್ತಿದ್ದೆ. ಇಪ್ಪತ್ತೊಂದಕ್ಕೆ ಇಲ್ಲ.
ಹೆರಿಗೆನೋವಿನ ಹೆಂಡತಿಯನ್ನು ಕೂರಿಸಿಕೊಂಡು ಬಂದವನಿಗೂ
ಇಲ್ಲ ಅಂದವನು ನಾನು, ಹೆಲ್ದುರ್.
ಹೆಲಿಕಾಪ್ಟರ್ ಕರೆಸಿದೆ. ಬೈಸಿಕೊಂಡೆ.
ಆ ಮಗು ಈಗ ಹಡಗುಕಟ್ಟೆಯಲ್ಲಿ ಟಿಕೆಟ್ ಹರಿಯುತ್ತಾಳೆ.

ಮೂವತ್ತೊಂದು ಚಳಿಗಾಲ ಇಷ್ಟೇ ಕೆಲಸ:
ಹೀಯುಮಾ ದ್ವೀಪಕ್ಕೂ ಆಚೆ ದಡಕ್ಕೂ ನಡುವೆ
ಮರಗಟ್ಟಿ ಮಲಗಿದ ಕಡಲ ಮೇಲೆ ನಡೆದು
ಇನ್ನೂರು ಹೆಜ್ಜೆಗೊಂದು ತೂತು ಕೊರೆದು
ಕೊಕ್ಕೆಯ ಅಳತೆಕೋಲು ಇಳಿಬಿಟ್ಟು
ಅಡಿಯ ಅಂಚು ತಗುಲಿದಾಗ ಓದಿ ಬರೆಯುವುದು.
ಗಡ್ಡೆಯನ್ನು ಮೇಲಿನಿಂದ ನೋಡಿ ನಂಬಬಾರದು.

ಹಾಗಾಗಿ ತಾರ್ತುವಿನ ಆಸ್ಪತ್ರೆಯಲ್ಲಿ ಡಾಕ್ಟರ್ ಪಿರೆತ್
"ಪ್ರಾಸ್ಟೇಟಿನಲ್ಲಿ ಗಡ್ಡೆ" ಎಂದಾಗ
ಬಾಯಿಗೆ ಬಂದದ್ದು: "ಎಷ್ಟು ದಪ್ಪ?"
ಹದಿಮೂರು ಮಿಲಿಮೀಟರ್. ಬಲಗಡೆ.
ಗೋಡೆ ದಾಟಿಲ್ಲ, ಮನೆಯೊಳಗೇ ಇದೆ.
ಕತ್ತರಿಸಬಹುದು, ಕಿರಣ ಹಾಯಿಸಬಹುದು,
ಇಲ್ಲವೇ (ಸಣ್ಣಗೆ ನಕ್ಕಳೇನೋ)
ಹೆಪ್ಪುಗಟ್ಟಿಸಬಹುದು.

ಸೊಂಟದ ಕೆಳಗೆ ಮರವಾದ ಮೈ,
ಕಾಲೆರಡೂ ಮೇಲೆ. ಮಾನ ಎಂಬುದು
ಕೋಟಿನ ಜತೆ ಹೊರಗಿನ ಗೂಟದಲ್ಲಿ.
ಸೂಜಿ ಒಂದು, ಎರಡು, ಐದು:
ನನ್ನಲ್ಲೂ ತೂತು ಕೊರೆಯುವವರು ಬಂದರು.
ಪರದೆಯ ಮೇಲೆ ಕಪ್ಪು ಉಂಡೆ ಬೆಳೆಯಿತು,
ಸುತ್ತ ಬೆಳ್ಳಗೆ ಹೊಳೆಯುವ ಅಂಚು.
ಮೂತ್ರದ ದಾರಿಯಲ್ಲಿ ಮಾತ್ರ ಬಿಸಿನೀರು ಹರಿಸುತ್ತಿದ್ದರು,
ಬಂದರಿನಲ್ಲಿ ಹಡಗಿನ ಓಣಿ ಒಡೆದಿಟ್ಟ ಹಾಗೆ.

"ಅಂಚು ಗುರಿ ದಾಟಿದೆ" ಎಂದ ಹುಡುಗ ಡಾಕ್ಟರ್.
"ಅಂಚನ್ನು ನಂಬಬೇಡ" ಎಂದೆವು
ನಾನೂ ಪಿರೆತಳೂ, ಒಟ್ಟಿಗೇ.
ಅಂಚು ಬರಿಯ ಸೊನ್ನೆ ಡಿಗ್ರಿ.
ಸಾವು ಇರುವುದು ಒಳಗೆ, ಮೈನಸ್ ನಲವತ್ತರಲ್ಲಿ.

ಆಮೇಲೆ ಕರಗಿಸಿದರು. ಮತ್ತೆ ಕಟ್ಟಿಸಿದರು.
ಒಮ್ಮೆ ಕರಗಿ ಮರಳಿ ಕಟ್ಟಿದ್ದು
ನನ್ನ ರಸ್ತೆಗೆ ಶಾಪ, ಒಳಗೆಲ್ಲ ಬಿರುಕು.
ಇಲ್ಲಿ ಅವರಿಗೆ ಬೇಕಾದದ್ದೇ ಆ ಬಿರುಕು.

ಹತ್ತು ದಿನ ತೊಡೆಗೆ ಕಟ್ಟಿದ ಚೀಲ.
ಮೈಮು ಅಡುಗೆಮನೆಯಲ್ಲಿ ಹಾಲಿಗೆ ಹೆಪ್ಪು ಹಾಕುತ್ತ
"ಅಂತೂ ನಿನ್ನ ಹೊಟ್ಟೆ ತಣ್ಣಗಾಯಿತು" ಅಂದಳು.
ನಗುವಂತಿರಲಿಲ್ಲ, ಹೊಲಿಗೆ ಇಲ್ಲದಿದ್ದರೂ ನೋವು.
ಆದರೂ ನಕ್ಕೆ.

ಇನ್ನೊಂದು ಮಾತು ಪಿರೆತ್ ಮೊದಲೇ ಹೇಳಿದ್ದಳು,
ನಾನು ಅದನ್ನು ಮೈಮುಗೆ ಹೇಳಲು ನಾಲ್ಕು ತಿಂಗಳು ಹಿಡಿಯಿತು:
ನರಗಳೂ ಚಳಿ ತಿಂದಿವೆ.
ಎದ್ದೇಳಬಹುದು. ಏಳದೆಯೂ ಇರಬಹುದು.
ದೀಪ ಆರಿಸಿದ ಮೇಲೆ ಹೇಳಿದೆ, ಗೋಡೆಗೆ ಮುಖ ಮಾಡಿ.
ಮಂಜಿನ ರಸ್ತೆಯ ನಿಯಮ ನೆನಪಿದೆಯಾ, ಅಂದೆ,
ಸೀಟ್ ಬೆಲ್ಟ್ ಹಾಕುವಂತಿಲ್ಲ,
ಒಡೆದರೆ ಬಾಗಿಲು ತೆಗೆದು ಜಿಗಿಯಲು ಬರಬೇಕು.
ಬಹಳ ಹೊತ್ತು ಸದ್ದಿಲ್ಲ.
ನಿದ್ದೆ ಬಂತೇನೋ ಅಂದುಕೊಂಡೆ.
"ಥೂ, ಹೆಲ್ದುರ್," ಅಂದಳು,
"ನಿನ್ನ ಪಕ್ಕ ನಾನು ಯಾವತ್ತೂ
ಕಳ್ಳತನದಲ್ಲಿ ಬೆಲ್ಟ್ ಹಾಕಿಕೊಂಡೇ ಕೂತಿರುತ್ತಿದ್ದೆ.
ಕಾಲು ಇತ್ತ ಚಾಚು, ಮಂಜಾಗಿದೆ."

ಈ ವರ್ಷ ರಸ್ತೆ ತೆರೆಯಲಿಲ್ಲ. ಹೋದ ವರ್ಷವೂ.
ಜನವರಿಯಲ್ಲೂ ಕಡಲು ದಡಕ್ಕೆ ಬಡಿದುಕೊಳ್ಳುತ್ತದೆ.
ಎರಡು ಚಳಿಗಾಲದಲ್ಲಿ ಈ ಜಲಸಂಧಿಯ ಜನರ ಪೈಕಿ
ನನ್ನೊಳಗಿನ ಅಕ್ರೋಟು ಗಾತ್ರದ್ದೊಂದೇ
ಲೆಕ್ಕಕ್ಕೆ ಸಿಗುವಷ್ಟು ಕಟ್ಟಿದ್ದು.

ಮೂರು ತಿಂಗಳಿಗೊಮ್ಮೆ ರಕ್ತ ಕೊಟ್ಟು ಬರುತ್ತೇನೆ.
ಮೊನ್ನೆ ಸೊನ್ನೆ ಬಿಂದು ನಾಲ್ಕು.
ಹಳೆಯ ನೋಟುಪುಸ್ತಕದಲ್ಲೇ, ಅದೇ ಕಾಲಂನಲ್ಲಿ
ತಾರೀಕು ಹಾಕಿ ಬರೆದೆ.
ಪಕ್ಕದ "ದಾರಿ ಬಿಡಬಹುದೇ" ಎಂಬ ಕಾಲಂ
ಸದ್ಯಕ್ಕೆ ಖಾಲಿ.