ಮಿಡತೆ ಬಾಕಿ

ನನ್ನ ಲಾರಿಯ ಬೆನ್ನಲ್ಲಿ ಇಪ್ಪತ್ತೈದು ಬೊಟ್ಟು,
ಒಂದೊಂದೂ ಇಪ್ಪತ್ತು ಕಿಲೋ, ಎರಕದ ಕಬ್ಬಿಣ,
ಬಾಣಂತಿ ಕೂಸಿನ ಹಾಗೆ ಕಂಬಳಿಯಲ್ಲಿ ಸುತ್ತಿಟ್ಟದ್ದು.
ಪಂಪಾಸಿನ ಮಣ್ಣುರಸ್ತೆ. ಎಡಕ್ಕೆ ಗೋಧಿ, ಬಲಕ್ಕೆ ಗೋಧಿ,
ಜೊತೆಗೆ ರೈಲಿಲ್ಲದ ಹಳಿ.
ವರ್ಷಕ್ಕೊಮ್ಮೆ ಬರುತ್ತೇನೆ,
ತಕ್ಕಡಿಗಳು ಸುಳ್ಳಾಡುತ್ತಿವೆಯೇ ನೋಡಲು.
ತೂಕದಮ್ಮ ಬಂದಳು! ಕೂಗುತ್ತಾರೆ ಮಕ್ಕಳು.
ಆ ದಿನ ಮಾತ್ರ ಕಟುಕನ ಅಂಗಿ ಒಗೆದಿರುತ್ತದೆ.

ಮೊದಲು ಸಿಗುವ ಊರಿಗೆ ಹೆಸರಿಲ್ಲ.
ಕಿಲೋಮೀಟರು ಇನ್ನೂರ ಹದಿನಾಲ್ಕು, ಅಷ್ಟೆ.
ಬಂದರಿನಿಂದ ಇಷ್ಟು ದೂರವೆಂದು
ಹಳಿ ಹಾಕಿದ ಕಂಪನಿ ಹಲಗೆಗೆ ಬರೆದು ಹೋಯಿತು.
ಆಮೇಲೆ ಜೌಗಿನ ಬಳಿಯ ತಿರುವು ನೇರ ಮಾಡಿದರು,
ಐದು ಕಿಲೋಮೀಟರು ಉಳಿಯಿತು.
ಊರು ಒಪ್ಪಲಿಲ್ಲ.
ಚೆಂಡಾಟದ ತಂಡದ ಬೆನ್ನ ಮೇಲೆ ಅದೇ ಅಂಕಿ,
ಗೋರಿಗಳ ಮೇಲೆ ಅದೇ.
"ಬದಲಿಸಿದರೆ ಸತ್ತವರು ದಾರಿ ತಪ್ಪುತ್ತಾರೆ" ಎಂದಳು
ಪೆಟ್ರೋಲು ಹಾಕುವ ದೆಲ್ಫೀನಾ ಒಯಾರ್ಸಾಬಾಲ್,
ಚಿಲ್ಲರೆ ಎಣಿಸುತ್ತ.
ಐದು ಕಿಲೋಮೀಟರಿನ ಲೋಪ!
ನನ್ನ ಕಾನೂನಿನಲ್ಲಿ ಕಿಲೋಗೆ ಅರ್ಧ ಗ್ರಾಮಿನ ಮಾಫಿ.
ಬರೆದುಕೊಳ್ಳದೆ ಗೇರು ಹಾಕಿದೆ.

ಲಾಸ್ ಪೆರ್ದಿಸೆಸ್‌ನಲ್ಲಿ ಸ್ಟೇಷನ್ನೇ ಈಗ ವಾಚನಾಲಯ.
ಸರಕು ತೂಗುವ ತಕ್ಕಡಿ ಬಾಗಿಲಲ್ಲೇ ನಿಂತಿದೆ, ಕಾವಲಿನವನಂತೆ.
ಮೇಲೆ ಹಳೆಯ ಲೆಕ್ಕದ ಪುಸ್ತಕ:
ಉಣ್ಣೆ, ನಲವತ್ತು ಮೂಟೆ.
ಹೊಲಿಗೆ ಯಂತ್ರ, ಒಂದು.
ಹೆಣ್ಣು, ಬ್ರಿಸುವೇಲಾ, ಮೂರು ಕಿಲೋ ನಾನೂರು, ಬಾಡಿಗೆ ಇಲ್ಲ.
ಉಣ್ಣೆ, ಹನ್ನೆರಡು.
ಸೂಲಗಿತ್ತಿಗೆ ಬೇರೆ ತಕ್ಕಡಿ ಇರಲಿಲ್ಲವಂತೆ.
ಚಳಿಗೆ ಮಗುವನ್ನು ತನ್ನ ಕೋಟಿನಲ್ಲಿ ಸುತ್ತಿ ತೂಗಿ
ಸ್ಟೇಷನ್ ಮಾಸ್ತರ ಕೋಟಿನ ತೂಕ ಕಳೆಯುತ್ತಿದ್ದನಂತೆ,
ಮಳೆಗಾಲದಲ್ಲಿ ಒದ್ದೆ ಕೋಟಿಗೆ ಬೇರೆ ಲೆಕ್ಕ.
ಇಲಾಖೆಯಲ್ಲಿ ಇಪ್ಪತ್ತಾರು ವರ್ಷ ಕಳೆದೆ,
ಅಂಥ ಒಬ್ಬನನ್ನು ಕಾಣಲಿಲ್ಲ.

ಸಾಂತಾ ರೂಫೀನಾ ಮುಟ್ಟುವಾಗ ಸಂಜೆ.
ಬೇಕರಿಯ ತಕ್ಕಡಿಯಲ್ಲಿ ಗುಲಗಂಜಿಯಷ್ಟೂ ತಪ್ಪಿಲ್ಲ.
ಮುದ್ರೆ ಒತ್ತುವಾಗ ಮೂಲೆಯಿಂದೆದ್ದು ಬಂದ
ಅನ್ಸೆಲ್ಮೊ ವೈಗಾಂಟ್, ತೊಂಬತ್ತಕ್ಕೆ ಎರಡು ಕಮ್ಮಿ.
"ನನ್ನದೊಂದು ತಪ್ಪಿದೆ. ಹಳೆಯದು."

ಮಿಡತೆ ಬಂದ ವರ್ಷ. ಹಗಲೇ ದೀಪ ಹಚ್ಚಿದರು.
ಗೋಧಿ ಮುಗಿಸಿ, ಸೊಪ್ಪು ಮುಗಿಸಿ,
ಹಗ್ಗದ ಮೇಲಿನ ಅಂಗಿಯ ತೋಳನ್ನೂ ತಿಂದವು.
ಸರ್ಕಾರ ಮಿಡತೆಯನ್ನು ಕಿಲೋ ಲೆಕ್ಕದಲ್ಲಿ ಕೊಂಡಿತು.
ಆ ಸಲ ಊರಿಗೆ ಬೆಳೆ ತಂದದ್ದಕ್ಕಿಂತ
ಬೆಳೆ ತಿಂದದ್ದೇ ಹೆಚ್ಚು ದುಡ್ಡು ತಂದಿತು.
ಮಕ್ಕಳು ಮೂಟೆಗೆ ನೀರು ಚಿಮುಕಿಸಿದರು.
ದೊಡ್ಡವರು ನೋಡದ ಹಾಗೆ ನೋಡಿದರು.
"ನಾನು ತಳಕ್ಕೆ ಕಲ್ಲು ಹಾಕಿದೆ. ಮೂರು ಕಿಲೋ ಇದ್ದೀತು.
ಆ ದುಡ್ಡಿಗೆ ಅಕ್ಕನಿಗೆ ಬೂಟು ಬಂತು.
ದಂಡ ಎಷ್ಟು?"

ಬೇಕರಿಯವಳು ನಕ್ಕಳು.
ನಾನು ಕೇಳಿದೆ, ಬೂಟು ಹಾಕಿಕೊಂಡು ಅಕ್ಕ ಎಲ್ಲಿಗೆ ಹೋದಳು?
"ರೈಲಿಗೆ" ಎಂದ.
ಹಿಟ್ಟಿನ ಕೈಗಳು ನಿಂತವು. ಒಲೆ ಮಾತ್ರ ಚಟಪಟ.
ಇನ್ನೇನೂ ಹೇಳಲಿಲ್ಲ ಅವನು,
ನಾನೂ ಕೆದಕಲಿಲ್ಲ.

ರಸೀದಿ ಪುಸ್ತಕ ತೆಗೆದು ಬರೆದೆ: ಮಿಡತೆ, ಮೂರು ಕಿಲೋ, ಕಲ್ಲು.
ಅವನು ಎದೆಯ ಜೇಬಿಂದ ನಾಲ್ಕು ಮಡಿಕೆಯ ನೋಟು ಬಿಡಿಸಿದ.
ಅದು ಚಲಾವಣೆ ತಪ್ಪಿ ಎಷ್ಟು ಸರ್ಕಾರ ಬಿದ್ದವೋ!
ಎರಡೂ ಕೈಯಲ್ಲಿ ತೆಗೆದುಕೊಂಡೆ.
ರಸೀದಿಯನ್ನು ಅವನು ದೂರ ಹಿಡಿದು, ಹತ್ತಿರ ಹಿಡಿದು ಓದಿ,
"ಕಲ್ಲಿಗೆ ಕಾಗುಣಿತ ತಪ್ಪಿದೆ" ಎಂದ.
ತಿದ್ದಿಕೊಟ್ಟೆ.

ಯಾವ ತಲೆಬರಹಕ್ಕೆ ಜಮಾ ಮಾಡಲಿ ಇದನ್ನು?
ನೋಟು ಸೂರ್ಯನ ಮರೆಯ ಹಲಗೆಗೆ ಸಿಕ್ಕಿಸಿದೆ.
ಗುಂಡಿಗಿಳಿದಾಗಲೆಲ್ಲ ಹಿಂದೆ ಅರ್ಧ ಟನ್ನು ಕಬ್ಬಿಣ ಗದರುತ್ತದೆ,
ನೋಟು ರೆಕ್ಕೆಯ ಹಾಗೆ ಒಮ್ಮೆ ಅದುರುತ್ತದೆ.
ಮುಂದಿನ ಊರು ಮೂವತ್ತೆಂಟು ಎನ್ನುತ್ತದೆ ಫಲಕ.
ನಂಬುವುದು ಬಿಡುವುದು
ಊರಿನವರನ್ನು ಕೇಳಿದ ಮೇಲೆ.