ಕೂಡುವ ಲೆಕ್ಕ

ಹಾಸನ, ಸಾಲಗಾಮೆ ರಸ್ತೆಯ ಲ್ಯಾಬು.
ಫಾರ್ಮಲಿನ್ನಿಗೆ ನನ್ನ ಮೂಗು ಸತ್ತು ಹನ್ನೊಂದು ವರ್ಷ.
ಹೆಸರು ಓದುವುದಿಲ್ಲ ನಾನು, ನಂಬರು ನೋಡುತ್ತೇನೆ.
ಆದರೂ ಮೊನ್ನೆ ಡಬ್ಬಿಯ ಚೀಟಿಗೆ ಕಣ್ಣು ಸಿಕ್ಕಿಕೊಂಡಿತು:
ಧರಣೇಂದ್ರಯ್ಯ ಬಿ. ಪಿ., ೭೧, ಆಲೂರು.

ಎಂಟನೇ ಕ್ಲಾಸು, ಬಿ ಸೆಕ್ಷನ್ನು. ಗಣಿತ.
ಬೆರಳ ಗೆಣ್ಣಿಗೆ ಸ್ಕೇಲಿನ ಅಂಚು.
"ಹಿಂದುಮುಂದಾದರೂ ಮೊತ್ತ ಒಂದೇ ಕಣೇ,
ಮೂರು ನಾಲ್ಕು ಏಳು, ನಾಲ್ಕು ಮೂರು ಏಳು,
ಇದಕ್ಕೂ ಬೆರಳು ಮಡಚುತ್ತೀಯಾ?"

ರಕ್ತ ಮೊದಲೇ ಹೇಳಿತ್ತು:
ಪಿಎಸ್‌ಎ ಹದಿನೆಂಟು ಪಾಯಿಂಟ್ ಆರು.
ರಕ್ತಕ್ಕೆ ಗೊತ್ತಿರುವುದು ಗಂಟೆ ಬಾರಿಸುವುದಷ್ಟೇ;
ಗಲಾಟೆ ಯಾವ ಕ್ಲಾಸಿನಲ್ಲಿ ಎಂದು
ಸೂಜಿಯೇ ಒಳಹೊಕ್ಕು ನೋಡಿ ಬರಬೇಕು.
ಹನ್ನೆರಡು ಸಲ ಹೊಕ್ಕಿದೆ.
ಹನ್ನೆರಡು ಎಳೆ, ಒಂದೊಂದೂ ಶಾವಿಗೆಯ ಚೂರು.

ಮೇಣದಲ್ಲಿ ಕೂರಿಸಿ, ಈರುಳ್ಳಿ ಪೊರೆಗಿಂತ ತೆಳ್ಳಗೆ ಸೀಳಿ,
ಬೆಚ್ಚನೆ ನೀರಿನಲ್ಲಿ ತೇಲಿಸಿ ಗಾಜಿಗೆತ್ತಿ,
ನೇರಳೆ ಹಚ್ಚಿ, ಗುಲಾಬಿ ಹಚ್ಚಿ
ವೀಣಾಕ್ಷಿ ಡಾಕ್ಟರ ಮೇಜಿಗಿಟ್ಟೆ.
"ಬಾ, ನೋಡು" ಎಂದರು.
ಇಲ್ಲಿ ಮೂರು: ಗ್ರಂಥಿಗಳು ಉಂಗುರ ಉಂಗುರ,
ಪ್ರೇಯರ್ ಸಾಲಿನ ಮಕ್ಕಳ ಹಾಗೆ
ಇನ್ನೂ ಕೈಯಳತೆ ಬಿಟ್ಟು ನಿಂತಿವೆ.
ಇಲ್ಲಿ ನಾಲ್ಕು: ಸಾಲು ಕೆಟ್ಟಿದೆ,
ಹೆಗಲಿಗೆ ಹೆಗಲು ಅಂಟಿ, ಯಾರದು ಯಾವ ತಲೆಯೋ.
ಇದೇ ಹೆಚ್ಚು. ಹೆಚ್ಚಿರುವುದನ್ನು ಮೊದಲು ಬರಿ.
ನಾಲ್ಕು ಕೂಡಿಸು ಮೂರು.

ಟೈಪ್ ಮಾಡುವಾಗ ಬೆರಳು ಎರಡು ಸಲ ತಪ್ಪಿತು.
ಮೂರು ಮೊದಲು ಬಂದಿದ್ದರೆ
ಅದೂ ಏಳೇ, ಆದರೆ ಬೇರೆ ಏಳು,
ಸ್ವಲ್ಪ ಸಾವಧಾನದ ಏಳು.

ರಿಪೋರ್ಟಿಗೆ ಅವರೇ ಬಂದರು, ಮಧ್ಯಾಹ್ನದ ಬಸ್ಸಿಗೆ,
ಜೇಬಿನಲ್ಲಿ ಈಗಲೂ ಎರಡು ಪೆನ್ನು.
ಕನ್ನಡಕ ಏರಿಸಿ, "ಮೂವತ್ತೆರಡಲ್ಲವಾ ನೀನು?"
"ಹೌದು ಸಾರ್. ತಾಜುನ್ನೀಸಾ."
ಕೌಂಟರಿನ ಮೇಲೆಯೇ ಕಾಗದ ಹರಡಿ
ಸಾಲಿನ ಕೆಳಗೆ ಬೆರಳಿಟ್ಟು ಓದಿದರು.
"ನಾಲ್ಕು ಮುಂದೆ ಯಾಕೆ?"

ಹೇಳುವುದು ನನ್ನ ಕೆಲಸವಲ್ಲ,
ಡಾಕ್ಟರನ್ನೇ ಕೇಳಿ ಎನ್ನಬೇಕಿತ್ತು.
"ಯಾವುದು ಜಾಸ್ತಿಯೋ ಅದು ಮೊದಲು ಸಾರ್.
ಇಲ್ಲಿ ಹಿಂದುಮುಂದು ಮಾಡುವ ಹಾಗಿಲ್ಲ."

ಬಹಳ ಹೊತ್ತು ಸುಮ್ಮನಿದ್ದರು.
ಹಿಂದೆ ನಿಂತವನು ಶುಗರ್ ರಿಪೋರ್ಟಿಗೆ ಅವಸರ ಮಾಡಿದ.
ಆಮೇಲೆ ಕೆಂಪು ಪೆನ್ನು ತೆಗೆದು
ಏಳರ ಪಕ್ಕ ಸಣ್ಣದೊಂದು ರೈಟ್ ಹಾಕಿ
"ಮೊತ್ತ ಸರಿಯಾಗಿದೆ" ಎಂದರು,
ಚಿಲ್ಲರೆಯನ್ನು ಎಣಿಸದೆ ಜೇಬಿಗೆ ಹಾಕಿಕೊಂಡು
ಆಲೂರಿನ ಬಸ್ಸು ಎಷ್ಟಕ್ಕೆ ಎಂದು ಕೇಳಿದರು.